ನೀರಿಲ್ಲದ ಹಳ್ಳದ ಸೊಳ್ಳೆಗಳು

ಡಾರ್ಲೀನ್ ಪ್ರಿಚೆಟ್‌ಗೆ ಎಲ್ಕ್ ಜಿಂಕೆಯ ಒಳಭಾಗವೆಲ್ಲ ಚೆನ್ನಾಗಿ ಗೊತ್ತಿತ್ತು. ಯಾವ ತುಂಡು ಹುರಿಯುವುದಕ್ಕೆ, ಯಾವುದು ಖೀಮಾಕ್ಕೆ, ಯಾವುದು ಒಣಗಿಸುವುದಕ್ಕೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಹನ್ನೆರಡನೆಯ ವಯಸ್ಸಿನಿಂದ ಪ್ರತಿ ಅಕ್ಟೋಬರ್‌ನಲ್ಲೂ ಅಪ್ಪ ಮತ್ತು ಅಣ್ಣ ವೇಡ್ ಹೊಡೆದು ತಂದ ಮಾಂಸವನ್ನು ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, ಫ್ರೀಜರಿಗೆ ತುಂಬುವುದು ಅವಳ ಪಾಲಿನ ಕೆಲಸವಾಗಿತ್ತು. ಅಪ್ಪ ತೀರಿಹೋದ ಮೇಲೂ ಅದು ತಪ್ಪಲಿಲ್ಲ. ಈಗ ಅವಳಿಗೆ ಐವತ್ತೆರಡು. ನಾಲ್ಕು ಕಾಲಿನ ಮೇಲೆ ನಿಂತ ಎಲ್ಕನ್ನು ಅವಳು ನೋಡಿದ್ದು ಅಂಚೆ ಗಾಡಿಯ ಕಿಟಕಿಯಿಂದ ಮಾತ್ರ.

ವೈಯೋಮಿಂಗ್‌ನ ಹಾರ್ಲನ್ ಬೆಂಡ್ ಊರಿಗೂ ಸುತ್ತಲಿನ ಒಂಟಿ ಮನೆಗಳಿಗೂ ಇಪ್ಪತ್ತಮೂರು ವರ್ಷಗಳಿಂದ ಅವಳೇ ಅಂಚೆಯವಳು. ಹಿಮ ಬಿದ್ದರೂ ಒಂದು ದಿನ ತಪ್ಪಿಸಿದವಳಲ್ಲ. ಮನೆಯಲ್ಲಿ ಅವಳು ಮತ್ತು ಗಸ್ ಎಂಬ ಮುದಿ ನಾಯಿ, ಇಬ್ಬರೇ.

ಕಳೆದ ನವೆಂಬರ್‌ನ ಹಬ್ಬದೂಟಕ್ಕೆ ಕೂತಾಗ ವೇಡ್, “ಮುಂದಿನ ವರ್ಷ ಕಾಗದ ಸ್ವಲ್ಪ ಬಿಗಿಯಾಗಿ ಸುತ್ತು ಕಣೆ. ಒಳಗೆಲ್ಲ ಐಸ್ ಕೂತಿದೆ” ಅಂದ.

ಡಾರ್ಲೀನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. “ಮುಂದಿನ ವರ್ಷ ಹೊಡೆಯೋಳು ನಾನು. ಸುತ್ತೋನು ನೀನು.”

ಎಲ್ಲರೂ ಗೊಳ್ಳೆಂದು ನಕ್ಕರು. ವೇಡ್ ನಗುತ್ತಲೇ, “ಆಗ್ಲಿ. ಬರಿಗೈಲಿ ಬಂದ್ರೆ ಸಾಯೋವರೆಗೂ ನೀನೇ ಸುತ್ತಬೇಕು. ಒಪ್ಪಿಗೇನಾ?” ಎಂದ.

“ಒಪ್ಪಿಗೆ.”

ಒಂದು ನೋಟ್‌ಬುಕ್ ಬಂತು. ಮಾಡಬೇಕಾದ್ದನ್ನೆಲ್ಲ ಅದರಲ್ಲಿ ಬರೆದಳು. ಬಂದೂಕಿನ ತರಬೇತಿಯಲ್ಲಿ ಶಾಲೆಯ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು ಪಾಸಾದಳು. ಹೊಸ ಬೂಟು ಹಾಕಿಕೊಂಡೇ ಅಂಚೆ ಹಂಚಿ ಅದನ್ನು ಪಳಗಿಸಿದಳು. ಇನ್ನೂರು ಗಜ ದೂರದ ಕಾಗದದ ತಟ್ಟೆಗೆ ಗುಂಡು ಹೊಡೆದು ಹೊಡೆದು, ಜುಲೈ ಹೊತ್ತಿಗೆ ಹತ್ತಕ್ಕೆ ಎಂಟು ತಗುಲುವಂತಾಯಿತು. ಎಲ್ಕ್ ಬೀಳುವುದು ಒಂದು ನಿಮಿಷದ ಕೆಲಸ, ಅದನ್ನು ಬೆಟ್ಟ ಇಳಿಸುವುದು ಎರಡು ದಿನದ ಕೆಲಸ ಎಂದು ಎಲ್ಲರೂ ಹೇಳುತ್ತಿದ್ದರು. ಅದಕ್ಕೆ ಗಸ್‌ನ ಆಹಾರದ ನಲವತ್ತು ಪೌಂಡಿನ ಮೂಟೆಯನ್ನು ಬೆನ್ನಿಗೆ ಬಿಗಿದು ಸಂಜೆ ಸಂಜೆ ನೀರಿನ ಟ್ಯಾಂಕಿನ ಗುಡ್ಡ ಹತ್ತಿದಳು. ಗಸ್ ತನ್ನ ಊಟ ಓಡಿಹೋಗುತ್ತಿದೆ ಎಂದುಕೊಂಡು ಬೊಗಳುತ್ತ ಹಿಂದೆಯೇ ಹತ್ತುತ್ತಿತ್ತು. ಪರವಾನಗಿ ಬಂತು, ಐದು ದಿನ ರಜೆಯೂ ಸಿಕ್ಕಿತು. ಸಾಲು ಸಾಲಿಗೂ ಗೀಟು ಬಿತ್ತು. ಒಂದು ಸಾಲು ಮಾತ್ರ ಹಾಗೇ ಉಳಿಯಿತು: ಎಲ್ಲಿ?

ಹಾರ್ಲನ್ ಬೆಂಡ್‌ನವರು ಹಸಿದು ಬಂದವರಿಗೆ ತಮ್ಮ ತಟ್ಟೆಯನ್ನೇ ಮುಂದಕ್ಕೆ ತಳ್ಳುವ ಜನ. ಆದರೆ ಬೇಟೆಯ ಜಾಗವನ್ನು ಮಾತ್ರ ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ಡಾರ್ಲೀನ್ ನಕ್ಷೆ ಹಿಡಿದು ಒಂದೊಂದೇ ಹೆಸರು ಕೇಳುತ್ತ ಹೋದಳು. ಮೇವಿನ ಅಂಗಡಿಯ ಮುದುಕ ಮರ್ಲ್ ಬೇರೆ ಜಾಗಗಳ ಹೆಸರಿಗೆಲ್ಲ “ನೋಡ್ಬಹುದು, ನೋಡ್ಬಹುದು” ಎನ್ನುತ್ತ ಆಕಳಿಸಿದ. ಬ್ಯಾಜರ್ ಹಳ್ಳ ಎಂದದ್ದೇ ನೆಟ್ಟಗೆ ಕೂತ.

“ಅಲ್ಲಿಗಾ? ಒಂದು ತೊಟ್ಟು ನೀರಿಲ್ಲ ಕಣಮ್ಮ! ನೀರಿಲ್ದೆ ಎಲ್ಕ್ ಏನು ಗಾಳಿ ಕುಡಿಯುತ್ತಾ? ಅದು ಬಿಡು, ಉಣ್ಣೆ ಕಾಲುಚೀಲ ತಗೊಂಡ್ಯಾ?”

ಮರುದಿನ ಪಾದ್ರಿ ಎಲ್ಡನ್ ಕಾಗದಗಳನ್ನು ಕೈಗೆ ತೆಗೆದುಕೊಳ್ಳುತ್ತ, “ಬ್ಯಾಜರ್ ಹಳ್ಳಕ್ಕೆ ಮಾತ್ರ ಹೋಗ್ಬೇಡಮ್ಮ. ಅಲ್ಲಿನ ಸೊಳ್ಳೆಗಳು ನಿನ್ನನ್ನ ಎತ್ಕೊಂಡೇ ಹೋಗ್ತವೆ” ಎಂದರು.

ವೇಡ್ ಫೋನಿನಲ್ಲೇ ನಕ್ಕ. “ಅಲ್ಲಿ ಬರೀ ಬಂಡೆ ಕಣೆ. ಸುಮ್ನೆ ಕಾಗದ ತಂದಿಟ್ಕೋ.”

ಆ ಸಂಜೆ ಅವಳು ಮೂರೂ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದಳು. ನೀರಿಲ್ಲ. ಸೊಳ್ಳೆ. ಬಂಡೆ. ಬಹಳ ಹೊತ್ತು ನೋಡುತ್ತ ಕೂತು, ಆಮೇಲೆ ನಾಯಿಯ ಕಡೆ ತಿರುಗಿದಳು.

“ಗಸ್, ಒಂದು ತೊಟ್ಟು ನೀರಿಲ್ದಿದ್ರೆ ಸೊಳ್ಳೆ ಎಲ್ಲಿ ಹುಟ್ಟುತ್ತೋ?”

ಗಸ್ ಬಾಲ ಅಲ್ಲಾಡಿಸಿತು.

ಆಗಸ್ಟ್ ಕೊನೆಯ ಶನಿವಾರ ಬೆಳಗಿನ ಜಾವವೇ ನಾಯಿಯ ಆಹಾರದ ಮೂಟೆ ಹೊತ್ತು, ಬೇಟೆ ಶುರುವಾಗುವ ಮೊದಲೇ ಜಾಗ ನೋಡಿಬರಲು ಬ್ಯಾಜರ್ ಹಳ್ಳದ ದಾರಿ ಹಿಡಿದಳು. ಮೊದಲ ಒಂದು ಗಂಟೆ ನಿಜಕ್ಕೂ ಬಂಡೆಯೇ. ವೇಡ್ ಪೂರ್ತಿ ಸುಳ್ಳನಲ್ಲ ಎನ್ನಿಸಿತು. ಅಷ್ಟರಲ್ಲಿ ಕುತ್ತಿಗೆಗೆ ಒಂದು ಸೊಳ್ಳೆ ಕಚ್ಚಿತು, ಹಿಂದೆಯೇ ಇನ್ನೊಂದು. ಜನ್ಮದಲ್ಲಿ ಸೊಳ್ಳೆ ಕಚ್ಚಿದ್ದಕ್ಕೆ ಅಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ಅವು ಹೆಚ್ಚಾದ ದಿಕ್ಕಿಗೇ ನಡೆದಳು. ದಿಣ್ಣೆಯಾಚೆ ಒಂದು ಒರತೆ, ಸುತ್ತ ಹಸಿರು ಹುಲ್ಲು. ಕೆಸರಿನಲ್ಲಿ ಎಲ್ಕ್ ಹೊರಳಾಡಿದ ಗುಂಡಿ, ಅದರ ಅಂಚಿನಲ್ಲಿ ತನ್ನ ಅಂಗೈಯಗಲದ ಗೊರಸಿನ ಗುರುತು.

ಒರತೆಯ ಮೇಲಿನ ಮರದ ದಿಮ್ಮಿಯ ಮೇಲೆ ಮೂವರು ಗಂಡಸರು ಸಾಲಾಗಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಮರ್ಲ್, ಪಾದ್ರಿ ಎಲ್ಡನ್, ವೇಡ್.

ಯಾರಿಗೂ ಬಾಯಿಯಲ್ಲಿದ್ದದ್ದು ಇಳಿಯಲಿಲ್ಲ.

“ಮರ್ಲ್, ಆ ಒರತೇಲಿ ಹರೀತಿರೋದು ಏನು? ಕಾಫೀನಾ?” ಡಾರ್ಲೀನ್ ಕೇಳಿದಳು.



“ನಾನಂತೂ ಸುಳ್ಳು ಹೇಳ್ಲಿಲ್ಲ. ಸೊಳ್ಳೆ ಇವೆ ಅಂದೆ. ಇವೆ” ಎಂದು ಪಾದ್ರಿ ಕೆನ್ನೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆದರು.

“ಎಲ್ಲ ಕೆಡಿಸಿದ್ದೇ ನೀವು ಪಾದ್ರಿಗಳೇ!” ಮರ್ಲ್ ರೇಗಿದ. “ನೀರಿಲ್ಲ ಅಂತ ಎಲ್ರೂ ಹೇಳೋಣ ಅಂತ ಮಾತಾಗಿತ್ತಲ್ಲ!”

ವೇಡ್ ಅವಳ ಬೆನ್ನಿನ ಮೂಟೆ ಎತ್ತಿ ನೋಡಿ, ಮುಖ ಕಿವುಚಿ, ಒಳಗೆ ಇಣುಕಿದ. “ನಾಯಿ ತಿಂಡಿ ಹೊತ್ಕೊಂಡು ಬೇಟೆ ಜಾಗ ನೋಡೋಕೆ ಬಂದಿದ್ಯಾ?”

“ಎಲ್ಕ್ ಸಿಗೋವರೆಗೂ ಅದೇ ಎಲ್ಕ್. ಬೇಟೆ ಶುರುವಾಗೋ ಮೊದಲ್ನೇ ದಿನ ಈ ಜಾಗ ನನ್ದು. ಇಲ್ದಿದ್ರೆ ನನ್ನ ದಾರೀಲಿ ಎಷ್ಟು ಅಂಚೆ ಡಬ್ಬಿ ಇವೆ ಗೊತ್ತಲ್ಲ? ಒಂದೊಂದು ಬಾಗಿಲಲ್ಲೂ ನಿಂತು ಬ್ಯಾಜರ್ ಹಳ್ಳದ ಸುದ್ದಿ ಹೇಳ್ಕೊಂಡು ಬರ್ತೀನಿ.”

 ವೇಡ್ ಪಕ್ಕಕ್ಕೆ ಸರಿದು ದಿಮ್ಮಿ ತಟ್ಟಿದ.

“ಕೂತ್ಕೋ. ಅಪ್ಪ ಈ ತುದೀಲೇ ಕೂರ್ತಿದ್ದ. ಸೂರ್ಯ ಬೆನ್ನಿಗಿರುತ್ತೆ.” ಮೂಟೆಯನ್ನು ಪಕ್ಕಕ್ಕಿಟ್ಟು, “ಹೊಡೆದ್ರೆ ಒಂದು ಕಾಲು ನಾನು ಹೊರ್ತೀನಿ” ಎಂದ.

“ಹೊರು. ಆಮೇಲೆ ಸುತ್ತು. ಬಿಗಿಯಾಗಿ.”

ಸೋಮವಾರ, ಊರಿಗೆ ಹೊಸದಾಗಿ ಬಂದ ಶಾಲಾ ಮಾಸ್ತರು ಅವಳ ಅಂಚೆ ಗಾಡಿ ನಿಲ್ಲಿಸಿ ನಕ್ಷೆ ತೋರಿಸಿದರು. “ಈ ಬ್ಯಾಜರ್ ಹಳ್ಳ ಹೇಗಿದೆ ಮೇಡಂ?”

ಡಾರ್ಲೀನ್ ಕುತ್ತಿಗೆಯ ಮೇಲಿನ ಕೆಂಪು ದದ್ದುಗಳನ್ನು ಕಾಲರಿನಿಂದ ಮುಚ್ಚಿಕೊಂಡಳು.

“ಒಂದು ತೊಟ್ಟು ನೀರಿಲ್ಲ” ಎಂದಳು. ಸೊಳ್ಳೆಯ ಮಾತನ್ನೇ ಎತ್ತಲಿಲ್ಲ.