ಜಾಂಬೆಜಿ ದಂಡೆಯ ಬೇಲಿ

ಕೊರೊನಾ ತಗ್ಗಿದ ಮರುವರ್ಷ. ಮಣಿಪಾಲದ ಆಸ್ಪತ್ರೆಯೊಂದರ ಯುರಾಲಜಿ ವಿಭಾಗದಲ್ಲಿ ನಾನು ಹಿರಿಯ ವೈದ್ಯ; ನಿವೃತ್ತಿ ಹತ್ತಿರವಾಗಿತ್ತು. ಮನುಷ್ಯರ ಮೂತ್ರವನ್ನು ಗಂಭೀರವಾಗಿ ಪರಿಗಣಿಸುವುದೇ ನನ್ನ ಉದ್ಯೋಗ. ಅದಕ್ಕೆ ನಗುವವರೆಲ್ಲ ಒಂದಲ್ಲ ಒಂದು ದಿನ ಬಾಟಲಿ ಹಿಡಿದು ನನ್ನ ಮುಂದೆ ಕೂತವರೇ.

ರಜೆಯಲ್ಲಿ ಸಂಸಾರ ಸಮೇತ ಊರಿಗೆ ಬಂದಿದ್ದ ಹೂಡೆಯ ಜೆರಾಲ್ಡ್ ಅವರಿಗೆ ನಲವತ್ತರ ಆಸುಪಾಸು. ದೋಣಿ ಎಂಜಿನ್ ಮೆಕ್ಯಾನಿಕ್. ಕೆಲವು ತಿಂಗಳಿಂದ ಮೂತ್ರದ ಕೊನೆಗೆ ರಕ್ತ ಹೋಗುತ್ತಿತ್ತು. ಸ್ಕ್ಯಾನಿನಲ್ಲಿ ಮೂತ್ರಕೋಶದ ಗೋಡೆ ದಪ್ಪವಾಗಿ, ಒಂದು ಕಡೆ ಗಂಟು ಎದ್ದಿತ್ತು. ಮರುದಿನ ಬಯಾಪ್ಸಿ, ಅಂದರೆ ಆ ಗಂಟಿನ ಚೂರು ತೆಗೆದು ನೋಡುವುದು, ಎಂದು ನಿಗದಿಯಾಗಿತ್ತು. ಕ್ಯಾನ್ಸರ್ ಎಂಬ ಮಾತನ್ನು ಯಾರೂ ಆಡಿರಲಿಲ್ಲ. ಆದರೂ ಹೆಂಡತಿ ಐರಿನ್ ಚರ್ಚಿನಲ್ಲಿ ಗಂಡನಿಗಾಗಿ ಪ್ರಾರ್ಥನೆಯ ಬಲಿಪೂಜೆ ಹೇಳಿಸಿ ಬಂದಿದ್ದರು.

"ಗಲ್ಫಿನವರು ಸರ್," ಎಂದರು ನನ್ನ ಕಿರಿಯ ಸಹೋದ್ಯೋಗಿ. ನಮ್ಮಲ್ಲಿ ವಿಮಾನ ಹತ್ತಿ ಹೋದವರೆಲ್ಲ ಗಲ್ಫಿನವರೇ. ಅಂಟಾರ್ಕ್ಟಿಕಾಕ್ಕೆ ಹೋದವನೂ ಬರುವಾಗ ಖರ್ಜೂರ ತರಬೇಕು.

ಸುಮ್ಮನೆ ಮಾತಿಗೆ ಜೆರಾಲ್ಡರನ್ನು ಕೇಳಿದೆ: "ಅಲ್ಲಿ ಸರಕಿನ ದೋಣಿಯೋ, ಮೀನಿನದ್ದೋ?"

"ಮೀನಿನದ್ದು. ನದಿಯಲ್ಲಿ."

"ಗಲ್ಫಿನಲ್ಲಿ ಎಂತ ನದಿ ಮಾರಾಯ್ರೆ?"

ಜೆರಾಲ್ಡ್ ಸಂಕೋಚದಿಂದ ನಕ್ಕರು. "ಗಲ್ಫ್ ಅಲ್ಲ ಡಾಕ್ಟ್ರೇ, ಜಾಂಬಿಯಾ. ಹಾಗೆ ಹೇಳಿದರೆ ಎಲ್ಲರಿಗೂ ಭೂಗೋಳ ಪಾಠ ಮಾಡ್ಬೇಕು. ಗಲ್ಫ್ ಅಂದರೆ ಮುಗೀತು."

ಆ ಪಾಠ ನನಗೆ ಬೇಕಿತ್ತು. ನಮ್ಮ ಸ್ವರ್ಣಾ ಶಿಸ್ತಿನ ನದಿ. ಕಾರ್ಕಳದ ಆಚೆ ಘಟ್ಟದಲ್ಲಿ ಹುಟ್ಟಿ ಹೂಡೆಯ ಹತ್ತಿರ ಸಮುದ್ರ ಸೇರಿಬಿಡುತ್ತದೆ. ಜಾಂಬೆಜಿ ಹಾಗಲ್ಲ. ಜಾಂಬಿಯಾದ ವಾಯವ್ಯ ಮೂಲೆಯಲ್ಲಿ ಹುಟ್ಟಿ, ಅಂಗೋಲಾಕ್ಕೆ ಹೋಗಿ, ಮನಸ್ಸು ಬದಲಿಸಿ ವಾಪಸು ಬಂದು, ನಮೀಬಿಯಾ, ಬೋಟ್ಸ್ವಾನಾಗಳ ಅಂಚು ಸವರಿ, ವಿಕ್ಟೋರಿಯಾ ಜಲಪಾತದಲ್ಲಿ ಧುಮುಕುತ್ತದೆ. ಮುಂದೆ ಜಾಂಬಿಯಾ, ಜಿಂಬಾಬ್ವೆಗಳ ನಡುವೆ ಗಡಿಯಾಗಿ ಹರಿಯುವಾಗ ಕರೀಬಾ ಅಣೆಕಟ್ಟು ಅದನ್ನು ತಡೆದು, ಆಚೆ ದಡ ಕಾಣದಂಥ ಸರೋವರವಾಗಿಸಿದೆ. ಅಲ್ಲಿಂದ ಬಿಡುಗಡೆಯಾದ ಮೇಲೆ ಮೊಜಾಂಬಿಕ್ ದಾಟಿ ಹಿಂದೂ ಮಹಾಸಾಗರ.

ಜೆರಾಲ್ಡ್ ಇದ್ದದ್ದು ಆ ಸರೋವರದ ದಡದಲ್ಲಿ. ನನ್ನ ಕಿವಿ ನೆಟ್ಟಗಾದದ್ದು ಅಲ್ಲಿ. ನಿಂತ ಸಿಹಿನೀರಿನ ಕಳೆಯಲ್ಲಿ ಒಂದು ಜಾತಿಯ ಬಸವನಹುಳು ಇರುತ್ತದೆ. ಅದರಿಂದ ಹೊರಬಿದ್ದ, ಕಣ್ಣಿಗೆ ಕಾಣದ ಮರಿಹುಳುಗಳು ಮನುಷ್ಯನ ಚರ್ಮ ಕೊರೆದು ಒಳಹೊಕ್ಕು, ಮೂತ್ರಕೋಶದ ರಕ್ತನಾಳಗಳಲ್ಲಿ ಸಂಸಾರ ಹೂಡುತ್ತವೆ. ಅವುಗಳ ಮೊಟ್ಟೆ ಗೋಡೆಯಲ್ಲಿ ಸಿಕ್ಕಿ ಗಂಟಾಗುತ್ತದೆ. ಇದೇ ಬಿಲ್ಹಾರ್ಜಿಯಾ. ಬೇಗ ಗೊತ್ತಾದರೆ ಮಾತ್ರೆಯಲ್ಲಿ ಗುಣ. ವರ್ಷಗಟ್ಟಲೆ ಬಿಟ್ಟರೆ ಅದೇ ಕ್ಯಾನ್ಸರಿಗೂ ದಾರಿ.

"ನೀರಿಗೆ ಇಳಿಯುತ್ತಿದ್ದಿರಾ?"

"ಆಳಕ್ಕೆ ಇಲ್ಲ, ಮೊಸಳೆ ಉಂಟು. ದಡದಲ್ಲಿ ಮೊಳಕಾಲು ನೀರಿಗೆ ಗೂಟ ಹೊಡೆದು ಬೇಲಿ ಮಾಡಿದ್ದೆ. ಒಳಗೆ ಸ್ವಲ್ಪ ಹುಲ್ಲು, ಅಷ್ಟೇ. ನೀರು ಅಲುಗುವುದೂ ಇಲ್ಲ. ಮಗಳು ದಿನಾ ಸಂಜೆ ಅದರಲ್ಲೇ..." ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. "ಎಂತ ಉಂಟು ಡಾಕ್ಟ್ರೇ ಆ ನೀರಿನಲ್ಲಿ?"

ಹೇಳಿದೆ. ತಮ್ಮ ಗಂಟಿನ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಅವಳಿಗೆ ಒಂಬತ್ತು ವರ್ಷ," ಎಂದರು. "ಹೊರಗೆ ಕೂತಿದ್ದಾಳೆ."

ಈ ಮೊಟ್ಟೆಗಳು ನಡುಹಗಲಿನಲ್ಲಿ, ಮೈಗೆ ಶ್ರಮವಾದಾಗ ಮೂತ್ರದಲ್ಲಿ ಹೆಚ್ಚು ಹೊರಬರುತ್ತವೆ. ಹಾಗಾಗಿ ಲಿಫ್ಟ್ ಇದ್ದ ಕಟ್ಟಡದಲ್ಲಿ, ವೈದ್ಯಕೀಯ ಆದೇಶದ ಮೇರೆಗೆ, ಆ ಕುಟುಂಬ ಮಧ್ಯಾಹ್ನ ಮೆಟ್ಟಿಲು ಹತ್ತಿ ಇಳಿಯಿತು. ಹುಡುಗಿಗೆ ಅದು ಆಟ. ಮೇಲೆ ನಿಂತು, ಹಿಂದೆ ಬಿದ್ದ ಅಪ್ಪನನ್ನು ಕೊಂಕಣಿಯಲ್ಲಿ ಹಂಗಿಸುತ್ತಿದ್ದಳು. ಜೆರಾಲ್ಡ್ ಕಂಬಿ ಹಿಡಿದು ಅವಳನ್ನೇ ನೋಡುತ್ತಿದ್ದರು.

ಒಂದು ತುದಿಗೆ ಮುಳ್ಳಿರುವ ಮೊಟ್ಟೆಗಳು ಮೈಕ್ರೋಸ್ಕೋಪಿನಲ್ಲಿ ಕಂಡವು. ಅಪ್ಪನ ಮೂತ್ರದಲ್ಲೂ, ಮಗಳದ್ದರಲ್ಲೂ. ಮನೆಯ ನಲ್ಲಿಯಲ್ಲೇ ಸ್ನಾನ ಮುಗಿಸುತ್ತಿದ್ದ ಐರಿನ್ ಪಾರಾಗಿದ್ದರು. ಬಯಾಪ್ಸಿಯನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದೆವು. ತೂಕ ನೋಡಿ ಇಬ್ಬರಿಗೂ ಮಾತ್ರೆ ಕೊಟ್ಟೆವು.

ಮಾತ್ರೆ ಕೈಯಲ್ಲಿ ಹಿಡಿದು ಜೆರಾಲ್ಡ್ ಕೇಳಿದರು, "ನಾನು ಆ ಬೇಲಿ ಹಾಕದೆ ಇದ್ದಿದ್ದರೆ?"

"ಮೊಸಳೆಗೆ ಮಾತ್ರೆ ಇಲ್ಲ ಜೆರಾಲ್ಡ್," ಎಂದೆ. ಹತ್ತಿರ ನಿಂತಿದ್ದ ಐರಿನ್ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು.

ಮುಂದಿನ ಸ್ಕ್ಯಾನಿನಲ್ಲಿ ಗಂಟು ಕರಗಿತ್ತು. ಮಗಳಿಗೆ ರೋಗ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ನಿವೃತ್ತಿಯವರೆಗೆ ಪ್ರತಿ ರೋಗಿಯನ್ನೂ ನಾನು ಒಂದು ಹೆಚ್ಚಿನ ಪ್ರಶ್ನೆ ಕೇಳಿದೆ: ನಿಮ್ಮ ಜೊತೆ ಬೇರೆ ಯಾರಿದ್ದರು? ಚೀಟಿ ಮಾಡಿಸುವುದು ಒಬ್ಬರ ಹೆಸರಿನಲ್ಲಿ. ಉಳಿದವರು ಹೊರಗೆ ಬೆಂಚಿನ ಮೇಲೆ, ತಮಗೇನೂ ಇಲ್ಲವೆಂದು ಕಾಲಾಡಿಸುತ್ತ ಕೂತಿರುತ್ತಾರೆ.