ತಮ್ಮನ ಕೈಗಳು

ಮೈದಾ ಗೋಂದಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ, ನನಗಂತೂ ಸಿಟ್ಟು ಬರುತ್ತದೆ. ಬೈಯಪ್ಪನಹಳ್ಳಿಯ ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿರುವ ರಾಯಚೂರು ಕಡೆಯ ಶಿವಲೀಲಾ, ಟೀಚರ್ಸ್ ಟ್ರೈನಿಂಗ್ ಓದುತ್ತಾಳೆ. ಮೊನ್ನೆ ಚಾರ್ಟಿಗೆ ದೊಡ್ಡದೊಂದು ಕಿವಿಯ ಚಿತ್ರ ಅಂಟಿಸುತ್ತಿದ್ದಳು. ಕಿವುಡ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬ ಚಾರ್ಟಂತೆ. ಅಂಥ ಒಂದು ಮಗುವನ್ನಾದರೂ ನಿಮಗೆ ತೋರಿಸಿದ್ದಾರಾ ಎಂದು ಕೇಳಿದೆ.

"ಇಲ್ಲಕ್ಕಾ. ಪರೀಕ್ಷಾಕ್ಕ ಬರತೈತಿ, ಬರದ್ರ ಆತು ಅಂದಾರ."

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಓದುವವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಮೈ ಉರಿಯಿತು.

ನನ್ನ ತಮ್ಮ ಮುನಿರಾಜು ಹುಟ್ಟುಕಿವುಡ. ತೊಂಬತ್ತರ ದಶಕದಲ್ಲಿ ಅವನನ್ನೂ ನಾನು ಓದುತ್ತಿದ್ದ ಶಾಲೆಗೇ ಸೇರಿಸಿದರು. ಒಂದೇ ಕೋಣೆಯಲ್ಲಿ ಎಲ್ಲ ತರಗತಿ, ಎಲ್ಲಕ್ಕೂ ಒಬ್ಬರೇ ಮಿಸ್. ನಾವಿಬ್ಬರೂ ಕೈಯಲ್ಲೇ ಮಾತಾಡುತ್ತಿದ್ದೆವು. ತುಂಟ, ಮಿಸ್ ನಡೆಯುವ ರೀತಿಯನ್ನು ಎರಡು ಬೆರಳಲ್ಲಿ ಬೆಂಚಿನ ಮೇಲೆ ನಡೆಸಿ ತೋರಿಸುತ್ತಿದ್ದ. ಮಿಸ್ ಕೆಟ್ಟವರಲ್ಲ, ತಮ್ಮ ಡಬ್ಬಿಯ ಚಿತ್ರಾನ್ನವನ್ನು ಅವನಿಗೆ ಕೊಡುತ್ತಿದ್ದರು. ಒಮ್ಮೆ ಅವರನ್ನು ಯಾವುದೋ ತರಬೇತಿಗೆ ಕರೆಸಿದರು. ಗೋಂದಿನ ವಾಸನೆಯ ಚಾರ್ಟು ಹಿಡಿದು ವಾಪಸು ಬಂದವರು ನನ್ನನ್ನು ಕರೆದರು.

"ಕೈ ಆಡಿಸ್ತಾ ಇದ್ರೆ ಅವನಿಗೆ ಮಾತೇ ಬರಲ್ವಂತೆ ಕಣೇ. ಪಾಠ ಆಗೋವಾಗ ಅವನ ಕೈ ಹಿಡ್ಕೊಂಡು ಕೂತ್ಕೋ. ತುಟಿ ನೋಡಿ ಕಲೀಲಿ."

ಹಾಗೆಂದು ಬೋರ್ಡಿನ ಕಡೆ ತಿರುಗಿ ಪಾಠ ಶುರುಮಾಡಿದರು. ನೋಡಲು ತುಟಿ ಎಲ್ಲಿತ್ತು?

ಒಂದು ಮಗುವೂ ಇಲ್ಲದ ಹಾಲ್‌ನಲ್ಲಿ ಮಿಸ್ಸನ್ನು ಕೂರಿಸಿ, ಮಗುವಿನ ಬಾಯಿ ಕಟ್ಟುವುದನ್ನು ಕಲಿಸಿ, ಊಟ ಹಾಕಿ ಕಳಿಸಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಕೈ ಹಿಡಿದದ್ದು ಅವರಲ್ಲ, ನಾನು. ಮಿಸ್ ಮೆಚ್ಚಿಕೊಳ್ಳಲಿ ಎಂದು, ಅವರು ಹೇಳಿದ್ದಕ್ಕಿಂತ ಬಿಗಿಯಾಗಿ ಹಿಡಿದೆ. ಒದ್ದಾಡಿದಾಗ ಪೆಟ್ಟೂ ಕೊಟ್ಟೆ. ಮಾತು ಬರಲಿಲ್ಲ. ಅವನು ಶಾಲೆ ಬಿಟ್ಟ. ನನ್ನ ಜೊತೆ ಹರಟುವುದನ್ನೂ ಬಿಟ್ಟ. ಈಗ ಶಿವಾಜಿನಗರದ ಗ್ಯಾರೇಜೊಂದರಲ್ಲಿ ಕೆಲಸ. ನಮ್ಮ ಜೊತೆಗೇ ಇದ್ದಾನೆ. ಊಟ, ನೀರು ಎಂದು ತೋರಿಸುತ್ತಾನೆ, ಅಷ್ಟೇ.

ಮೊನ್ನೆ ಸಂಜೆ ಅವನು ಗ್ಯಾರೇಜಿನಿಂದ ಬಂದ ಮೇಲೆ ಶಿವಲೀಲಾಳನ್ನು ಅವನೆದುರು ಕೂರಿಸಿ, ಇವನ ಹತ್ತಿರ ಕಲಿ ಎಂದೆ. ಅಮ್ಮ ಎಂದರೆ ಓಲೆ ಮುಟ್ಟುವುದು, ಅಪ್ಪ ಎಂದರೆ ಮೀಸೆ. ಅವಳು ತಪ್ಪಿದಾಗೆಲ್ಲ ನಕ್ಕು ತಿದ್ದಿದ. ಆಮೇಲೆ ಅವಳು ನನ್ನತ್ತ ಬೆರಳು ತೋರಿಸಿ, ಇವರಿಗೆ ಯಾವ ಸನ್ನೆ ಎಂಬಂತೆ ಹುಬ್ಬೇರಿಸಿದಳು. ಮುನಿರಾಜು ತನ್ನ ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು ತೋರಿಸಿದ.

"ಬಳಿ ಏನಕ್ಕಾ?" ಎಂದಳು ಶಿವಲೀಲಾ, ನನ್ನ ಕೈಬಳೆ ನೋಡಿ.

ಹೌದು ಎಂದುಬಿಡಬಹುದಿತ್ತು. ಅಲ್ಲ ಎಂದೆ. ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ, ಅವನಿಗೂ ತಿಳಿಯಲೆಂದು ಕೈಯಲ್ಲೂ ಹೇಳುತ್ತಾ. ಅರ್ಧಕ್ಕರ್ಧ ಮರೆತುಹೋಗಿತ್ತು. ಎಡವಿದಲ್ಲೆಲ್ಲ ಅವನ ಮುಖ ನೋಡಿದೆ. ಅವನು ತಿದ್ದಲಿಲ್ಲ. ಎದ್ದೂ ಹೋಗಲಿಲ್ಲ.