ಮೂರು ಬೆರಳಿನ ಠಣ್

ನನ್ನ ಸೋದರಮಾವನ ಬಾಯಲ್ಲಿ ಭಾಷೆಯ ಉಳಿದೆಲ್ಲ ಮಾತುಗಳೂ ಬಾಡಿಗೆಗೆ ಇದ್ದವು. ಸ್ವಂತದ್ದು ಒಂದೇ, ‘ಠಣ್’. ಜ್ವರ ಬಿಟ್ಟರೆ "ಈಗ ಠಣ್ ಅಂತಿದೀನಿ" ಅನ್ನುತ್ತಿದ್ದ. ನಂಬಬಹುದಾದ ಮಾತು ಠಣ್ ಮಾತು, ಹುಳು ಹಿಡಿಯದ ಬಾಗಿಲು ಠಣ್ ಬಾಗಿಲು, ಚೆನ್ನಾಗಿ ಹಣ್ಣಾದ ಕಲ್ಲಂಗಡಿ ಠಣ್ ಕಲ್ಲಂಗಡಿ. ಜಗಳವಾಡಿದ ಇಬ್ಬರು ಮನಸ್ಸು ಬಿಚ್ಚಿ ರಾಜಿಯಾದರೆ ಅದೂ ಠಣ್. ಇವು ಯಾವುದಕ್ಕೂ ಸೇರದ ವಸ್ತು, ವ್ಯಕ್ತಿ, ಹವಾಮಾನವೆಲ್ಲ ‘ಠಪ್’. ಇವೆರಡರ ನಡುವೆ ಪ್ರಪಂಚದಲ್ಲಿ ಬೇರೇನೂ ಇಲ್ಲ ಎಂಬುದು ಅವನ ತತ್ವಶಾಸ್ತ್ರ. ಅದನ್ನು ಕಂಡುಹಿಡಿಯಲು ಅವನಿಗೆ ಮೂವತ್ತೊಂಬತ್ತು ವರ್ಷ ಹಿಡಿಯಿತು.

ಮಾವ ಪಿಂಗಾಣಿ ಕಾರ್ಖಾನೆಯಲ್ಲಿ ಟೀ ಕಪ್ಪು ತಟ್ಟಿ ನೋಡುವವನು. ಭಟ್ಟಿಯಿಂದ ಬಂದ ಕಪ್ಪನ್ನು ಎಡಗೈಯ ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿ, ಬಲಗೈಯಲ್ಲಿದ್ದ ಮರದ ಕಡ್ಡಿಯಿಂದ ಅಂಚಿಗೆ ಒಂದು ಏಟು ಹಾಕುತ್ತಿದ್ದ. ಠಣ್ ಎಂದರೆ ಬಲಗಡೆಯ ಹಲಗೆಗೆ, ಅಲ್ಲಿಂದ ನನ್ನ ಪ್ಯಾಕಿಂಗ್ ಮೇಜಿಗೆ. ಠಪ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಇದೆ ಎಂದರ್ಥ, ಎಡಗಡೆಯ ಬುಟ್ಟಿಗೆ. ಮಾವನ ಎದುರಿಗೇ ನನ್ನ ಮೇಜು. ಮನೆಯಲ್ಲಿ ಅವನ ಮುಖ ನೋಡಿದ್ದು ಸಾಲದು ಎಂದು ಕಾರ್ಖಾನೆಯಲ್ಲೂ ಎಂಟು ಗಂಟೆ ನೋಡುವ ಭಾಗ್ಯ ನನ್ನದು.

ನನಗೆ ಗಂಡು ಹುಡುಕುವಾಗಲೂ ಅವನದೇ ತೀರ್ಪು. ಬಂದವನ ಜೊತೆ ಅರ್ಧ ಗಂಟೆ ಮಾತಾಡಿ, ಒಳಗೆ ಬಂದು ಅಮ್ಮನಿಗೆ "ಠಪ್" ಅನ್ನುತ್ತಿದ್ದ. ಇಬ್ಬರು ಹಾಗೇ ವಾಪಸು ಹೋದರು. ಮೂರನೆಯವನಿಗೂ ಠಪ್ ಅಂದಾಗ ನಾನು ರೇಗಿ ಅವನನ್ನೇ ಕಟ್ಟಿಕೊಂಡೆ. ಮಾವ ಹೇಳಿದ್ದು ಸರಿಯಾಗೇ ಇತ್ತು. ಈ ವಿಷಯ ಮಾವನಿಗೆ ಇವತ್ತಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ನಾಲ್ಕು ವರ್ಷದ ಹಿಂದೆ ಒಂದು ದಿನ ಅವನ ಬೆನ್ನ ಹಿಂದೆ ಯಾರೋ ಎರಡು ಡಜನ್ ತಟ್ಟೆಗಳನ್ನು ಕೈಬಿಟ್ಟರು. ಇಡೀ ಶೆಡ್ ಬೆಚ್ಚಿಬಿತ್ತು. ಮಾವ ಮಾತ್ರ ತಲೆ ಎತ್ತದೆ ಕಪ್ಪು ತಟ್ಟುತ್ತಲೇ ಇದ್ದ. ಆಗ ನನಗೆ ಗೊತ್ತಾಯಿತು. ಅವನ ಕಿವಿಗೆ ಚೂಪು ಸದ್ದುಗಳು ಬೀಳುತ್ತಿರಲಿಲ್ಲ. ಗಂಟೆ, ಸೀಟಿ, ಕುಕ್ಕರಿನ ಕೂಗು, ಯಾವುದೂ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಹೇಗೋ ಹೊಂದಿಸಿಕೊಳ್ಳುತ್ತಿದ್ದ. ಅತ್ತೆಗೂ ಇದು ಗೊತ್ತಾಗಿರಲಿಲ್ಲ. ಗಂಡನಿಗೆ ಹೆಂಡತಿಯ ಮಾತು ಕೇಳಿಸದಿದ್ದರೆ ಅದನ್ನು ಯಾವ ಮನೆಯಲ್ಲೂ ಕಾಯಿಲೆ ಎಂದು ತಿಳಿಯುವುದಿಲ್ಲ.

ಆ ಸಂಜೆ ಅವನನ್ನು ಮೂಲೆಗೆ ಕರೆದು ಕೇಳಿದೆ. "ಮಾವ, ನಿನಗೆ ಕಿವಿ ಕೇಳಿಸಲ್ಲ ಅಲ್ವಾ? ಮತ್ತೆ ಕಪ್ಪು ಹೇಗೆ ಆರಿಸ್ತೀಯ?"

ಅವನು ಮೂರು ಬೆರಳು ಎತ್ತಿ ತೋರಿಸಿದ. "ಇಲ್ಲಿ ಬರುತ್ತೆ. ನಿನ್ನ ಬಾಯಿಗೆ ಬೀಗ ಹಾಕ್ಕೋ. ನಲವತ್ತು ವರ್ಷ ತುಂಬಿಸಿಯೇ ಆ ಕುರ್ಚಿಯಿಂದ ಏಳೋದು ನಾನು."

ಬೀಗ ಹಾಕಿಕೊಂಡೆ. ಆದರೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಇತ್ತು. ತಟ್ಟುವವರನ್ನೆಲ್ಲ ಅವರವರ ಜಾಗದಲ್ಲೇ ಕೂರಿಸಿ, ಮ್ಯಾನೇಜರ್ ತಮ್ಮ ಮೇಜಿನ ಮೇಲಿನ ಹಿತ್ತಾಳೆಯ ಕೈಗಂಟೆಯನ್ನು ಅವರ ಬೆನ್ನ ಹಿಂದೆ ಅಲ್ಲಾಡಿಸುತ್ತಿದ್ದರು. ಕೇಳಿಸಿದವರು ಬಲಗೈ ಎತ್ತಬೇಕು. ಎತ್ತದವನು ಮಾರನೆಯ ದಿನ ಮನೆಯಲ್ಲಿರಬೇಕು. ಕಿವಿ ನೋಡಲು ಡಾಕ್ಟರನ್ನು ಕರೆಸಬಹುದಿತ್ತಲ್ಲ ಎಂದು ಕೇಳಬೇಡಿ. ಅಂಥ ಮ್ಯಾನೇಜರ್ ಇರುವಾಗ ಡಾಕ್ಟರ್ ಯಾಕೆ? ಪರೀಕ್ಷೆಯ ಹೊತ್ತಿನಲ್ಲಿ ಎದುರು ಮೇಜಿನ ನಾನು ಹುಬ್ಬು ಹಾರಿಸುತ್ತಿದ್ದೆ, ಮಾವ ಕೈ ಎತ್ತುತ್ತಿದ್ದ. ಹೀಗೆ ನಾಲ್ಕು ವರ್ಷ ಅವನು ಪಾಸಾದ. ನಾಲ್ಕನೆಯ ವರ್ಷ ಮ್ಯಾನೇಜರ್ ಅವನ ಬೆನ್ನು ತಟ್ಟಿ, "ಏನು ಕಿವಿ ರೀ ಇದು!" ಎಂದು ಮೆಚ್ಚಿದರು.

ನಲವತ್ತು ವರ್ಷ ತುಂಬಲು ಹತ್ತು ತಿಂಗಳಿರುವಾಗ ನಿಘಂಟು ಮಾಡುವ ಮೇಡಂ ಒಬ್ಬರು ಬಂದರು. ಸದ್ದುಗಳ ಮಾತುಗಳನ್ನು ಕಲೆಹಾಕುವುದು ಅವರ ಕೆಲಸವಂತೆ. ಕೈಯಲ್ಲಿ ಒಂದು ಕಟ್ಟು ಕಾರ್ಡು. ಒಬ್ಬೊಬ್ಬರು ಏನೇನು ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಾರೋ! ಮ್ಯಾನೇಜರ್ ಅವರನ್ನು ನೇರ ಮಾವನ ಮೇಜಿಗೆ ಕರೆತಂದು, ತಾವೇ ಹೆತ್ತ ಮಗನನ್ನು ತೋರಿಸುವಂತೆ ತೋರಿಸಿದರು. "ಕಾರ್ಖಾನೇಲಿ ಇವರಂಥ ಕಿವಿ ಇನ್ನೊಂದಿಲ್ಲ ಮೇಡಂ."

"ಠಣ್ ಅಂದ್ರೆ ಏನು ಹೇಳ್ತೀರಾ?" ಎಂದು ಮೇಡಂ ಎದುರು ಕೂತು ಕೇಳಿದರು.

ಮಾವನಿಗೆ ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ಸರಿಯಾದ ಪ್ರಶ್ನೆ ಕೇಳಿದ್ದರು. ಶುರು ಹಚ್ಚಿಕೊಂಡ. ಜ್ವರ, ಬಾಗಿಲು, ಕಲ್ಲಂಗಡಿ, ರಾಜಿ, ಎಲ್ಲ ಬಂತು. ಮೇಡಂ ಏಳು ಅರ್ಥ ಬರೆದುಕೊಂಡರು. ನಾನೂ ಕೆಲಸ ಬಿಟ್ಟು ಕತ್ತು ಚಾಚಿ ಆ ಕಾರ್ಡು ಓದುತ್ತಿದ್ದೆ. ಎಂಟನೆಯದಾಗಿ ನನ್ನ ಗಂಡನ ಉದಾಹರಣೆ ಎಲ್ಲಿ ಬಂದುಬಿಡುತ್ತದೋ ಎಂಬ ಭಯ ನನಗೆ.

ಅಷ್ಟರಲ್ಲಿ ಮ್ಯಾನೇಜರ್ ಅತಿಥಿಗೆ ಟೀ ತರಿಸಲು ತಮ್ಮ ಮೇಜಿನಿಂದ ಗಂಟೆ ತಂದು ಮಾವನ ಬೆನ್ನ ಹಿಂದೆ ನಿಂತು ಬಾರಿಸಿದರು. ಟೀ ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಬಾರಿಸಿದರು. ನಾನು ಬೆಚ್ಚಿ ತಲೆ ಎತ್ತಿದೆ, ನನ್ನ ಹಾಳು ಹುಬ್ಬು ತಾನಾಗಿಯೇ ಹಾರಿತು. ಮಾವ ನೋಡಿದ. ಮಾತಿನ ಮಧ್ಯದಲ್ಲೇ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಶಿಸ್ತಾಗಿ ಬಲಗೈ ಎತ್ತಿದ.

ಟೀಗೆ ಬಾರಿಸಿದ ಗಂಟೆಗೆ ಯಾರೂ ಕೈ ಎತ್ತುವುದಿಲ್ಲ. ಮ್ಯಾನೇಜರ್ ಆ ಕೈಯನ್ನು ನೋಡಿದರು. ಆಮೇಲೆ ಮಾವನ ಕಣ್ಣು ಎಲ್ಲಿದೆ ಎಂದು ನೋಡಿದರು. ಆಮೇಲೆ ನನ್ನ ಹುಬ್ಬನ್ನು ನೋಡಿದರು.

"ನೀನು ಗೋಡೆ ಕಡೆ ತಿರುಗಮ್ಮ" ಅಂದರು.

ತಿರುಗಿದೆ. ನನ್ನ ಬೆನ್ನ ಹಿಂದೆ ಗಂಟೆ ಮತ್ತೆ ಬಾರಿಸಿತು. ಇನ್ನೊಮ್ಮೆ, ಮತ್ತೊಮ್ಮೆ. ಗೋಡೆಯ ಸುಣ್ಣ ನೋಡುತ್ತ ನಾನು ಅತ್ತುಬಿಟ್ಟೆ. ನಾಲ್ಕು ವರ್ಷ ಕಾಪಾಡಿದ್ದನ್ನು ಒಂದು ಕಾರ್ಡು ಓದುವ ಚಪಲಕ್ಕೆ ಕಳೆದಿದ್ದೆ. ತಿರುಗಿ ನೋಡಿದಾಗ ಮಾವನ ಎರಡೂ ಕೈ ಮೇಜಿನ ಮೇಲೇ ಇದ್ದವು.

"ಸಾರ್, ನಾಲ್ಕು ವರ್ಷದಲ್ಲಿ ಇವನ ಮೇಜಿಂದ ಒಂದಾದರೂ ಒಡೆದ ಕಪ್ಪು ಹೊರಗೆ ಹೋಗಿದೆಯಾ? ಬೆರಳಲ್ಲೇ ಗೊತ್ತಾಗುತ್ತೆ ಇವನಿಗೆ" ಎಂದೆ.

"ಒಂದೂ ಹೋಗಿಲ್ಲ" ಎಂದು ಮ್ಯಾನೇಜರ್ ಒಪ್ಪಿಕೊಂಡರು. "ಆದರೆ ನಿಯಮದಲ್ಲಿ ಕಿವಿ ಅಂತ ಇದೆ, ಬೆರಳು ಅಂತ ಇಲ್ಲ."

ಮೇಡಂ ಮಾತ್ರ ಕಾರ್ಡು ಕೆಳಗಿಡದೆ ಮಾವನ ಮುಖದ ಹತ್ತಿರ ಬಗ್ಗಿ ಕೇಳಿದರು. "ಬೆರಳಿಗೆ ಠಣ್ ಅಂದ್ರೆ ಹೇಗಿರುತ್ತೆ?"

ಮಾವ ತನ್ನ ಎಡಗೈ ಬಿಚ್ಚಿ ನೋಡಿಕೊಂಡ. "ಮೂರು ಬೆರಳಿಗೂ ಒಂದೇ ಸಲ ಬರುತ್ತೆ. ನಿಧಾನಕ್ಕೆ ಹೋಗುತ್ತೆ. ಠಪ್ ಆದರೆ ಮೂರರಲ್ಲಿ ಒಂದು ಬೆರಳಿಗೆ ಬರೋದೇ ಇಲ್ಲ" ಅಂದ. ಮೇಡಂ ಅದನ್ನೂ ಬರೆದುಕೊಂಡು, ಟೀ ಕುಡಿಯದೆ ಎದ್ದು ಹೋದರು.

ಶನಿವಾರ ಬೀಳ್ಕೊಡುಗೆ. ಮನೆಗೆ ಕಳಿಸುವುದನ್ನೂ ನಮ್ಮ ಕಾರ್ಖಾನೆಯಲ್ಲಿ ಸಂಭ್ರಮದಿಂದ ಮಾಡುತ್ತಾರೆ. ಪ್ಯಾಕಿಂಗ್ ಮೇಜಿಗೆ ಬಟ್ಟೆ ಹಾಸಿದ್ದರು. ಅತ್ತೆಯನ್ನು ಕರೆಸಿ ಮುಂದಿನ ಸಾಲಲ್ಲಿ ಕೂರಿಸಿದ್ದರು. ಮ್ಯಾನೇಜರ್ ಮಾವನಿಗೆ ಬೆನ್ನು ಹಾಕಿ ಅರ್ಧ ಗಂಟೆ ಮಾತಾಡಿದರು. ಅದರಲ್ಲಿ ಒಂದಕ್ಷರವೂ ಮಾವನಿಗೆ ಕೇಳಿಸಲಿಲ್ಲ, ಆ ದಿನ ಅವನ ಪಾಲಿಗಿದ್ದ ಸುಖ ಅದೊಂದೇ. ಕೊನೆಗೆ ನೆನಪಿನ ಕಾಣಿಕೆ ಎಂದು ಆ ಹಿತ್ತಾಳೆ ಗಂಟೆಯನ್ನೇ ಅವನ ಕೈಗಿಟ್ಟರು. ಕಿವುಡನಿಗೆ ಗಂಟೆ ಕೊಡಲು ಎಷ್ಟು ಯೋಚನೆ ಮಾಡಿದ್ದರೋ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಕೂತಲ್ಲೇ ಗಂಟೆಯನ್ನು ಆಚೀಚೆ ತಿರುಗಿಸಿ ನೋಡಿದ. ಮೊದಲು ಅದರ ನಾಲಿಗೆ ಕಳಚಿ ಪಕ್ಕಕ್ಕಿಟ್ಟ. ಭಾಷಣದ ಹೊತ್ತಲ್ಲಿ ಮಾಡಬೇಕಾಗಿದ್ದ ಕೆಲಸ ಅದು. ಆಮೇಲೆ ಗಂಟೆಯನ್ನು ತಲೆಕೆಳಗು ಮಾಡಿ, ಹಿಡಿಯನ್ನು ಬೆರಳುಗಳ ಸಂದಿಯಲ್ಲಿ ಇಳಿಬಿಟ್ಟು, ಕಪ್ಪಿನ ಹಾಗೆ ಮೂರು ಬೆರಳ ಮೇಲೆ ನಿಲ್ಲಿಸಿದ. ಜೇಬಿನಿಂದ ಕಡ್ಡಿ ತೆಗೆದು ಅಂಚಿಗೆ ಒಂದು ಏಟು ಹಾಕಿದ. ಚಪ್ಪಾಳೆ ನಿಂತಿತು.

"ಠಪ್" ಅಂದ ಮಾವ.

ಮ್ಯಾನೇಜರ್ ನಕ್ಕು ಗಂಟೆ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಿಂದ ಹಿಡಿಯ ಬುಡದವರೆಗೆ ಕೂದಲೆಳೆಯಷ್ಟು ಬಿರುಕು. ಹನ್ನೊಂದು ವರ್ಷ ಅದೇ ಗಂಟೆ ಬಾರಿಸಿ ಅವರು ತಟ್ಟುವವರೆಲ್ಲರ ಕಿವಿ ಪರೀಕ್ಷೆ ಮಾಡಿದ್ದರು. ಆ ಕಿವಿಗಳೆಲ್ಲ ಪ್ರತಿ ವರ್ಷ ಪಾಸಾಗಿದ್ದವು.

ಮಾವ ಅವರ ಕೈಯಿಂದ ಗಂಟೆ ತೆಗೆದುಕೊಂಡು, ತನ್ನ ಮೇಜಿನ ಹತ್ತಿರ ಹೋಗಿ ಎಡಗಡೆಯ ಬುಟ್ಟಿಗೆ ಹಾಕಿದ. ಕಡ್ಡಿಯನ್ನು ಜೇಬಿಗಿಟ್ಟುಕೊಂಡು ಅತ್ತೆಯ ಜೊತೆ ಮನೆಗೆ ಹೊರಟ.